ಆಂಟಿಯ ಸೂಟ್‌ಕೇಸಿನ ಬಾಟಲಿ

ನನ್ನ ಕೆನ್ನೆ ಕಾರಿನ ಬಾನೆಟ್ಟಿಗೆ ಒತ್ತಿಕೊಂಡಿತ್ತು. ಬಲಗೈ ಬೆನ್ನ ಹಿಂದೆ ತಿರುಚಿಕೊಂಡಿತ್ತು.

“ಇನ್ನೊಂದ್ ಸ್ವಲ್ಪ ಹೊತ್ತು ಸುಮ್ನೆ ಇದ್ಬಿಡಿ ಅಕ್ಕಾ... ಫ್ಲೈಟ್ ಹೋಗ್ಲಿ. ನಿಮಗೇನೂ ಮಾಡಲ್ಲ.”

ತಿರುಚಿದವನ ಹೆಸರು ದರ್ಶನ್. ನಾರ್ತ್ ಸಿಡ್ನಿಯಲ್ಲಿ ಕಂಪನಿ ಇಟ್ಟಿರುವ ಗಿರೀಶನ ಬಂಟ. ಜಾಗ, ಮೆಲ್ಬರ್ನ್ ಏರ್‌ಪೋರ್ಟಿನ ಕಾರ್ ಪಾರ್ಕ್.

“ಕೈ ಬಿಡೋ ತಮ್ಮಾ” ಎಂದೆ. “ಇನ್ನೊಮ್ಮೆ ಹೇಳಂಗಿಲ್ಲ.”

ಅವನು ನಕ್ಕ.

ನಾನು ಶಿವಲಿಂಗವ್ವ. ಬಿಜಾಪುರದವಳು. ಪರರ ತಾಪತ್ರಯ ಬಗೆಹರಿಸುವುದು ಈಗಿನ ಕಸುಬು. ಅದಕ್ಕೂ ಮೊದಲು ಮೆಲ್ಬರ್ನಿನ ಪಬ್ಬುಗಳ ಬಾಗಿಲಲ್ಲಿ ನಿಂತು ಕುಡುಕರನ್ನು ಹೊರಗೆ ಹಾಕುತ್ತಿದ್ದೆ. ನಗುವವನು ತನ್ನ ಪಾದ ಎಲ್ಲಿದೆ ಎಂದು ನೋಡಿಕೊಳ್ಳುವುದಿಲ್ಲ ಎಂಬುದನ್ನು ಅಲ್ಲೇ ಕಲಿತೆ.

ಹಿಮ್ಮಡಿ ಎತ್ತಿ ಅವನ ಕಾಲ್ಬೆರಳ ಮೇಲೆ ಇಳಿಸಿದೆ.

ಹಿಡಿತ ಸಡಿಲವಾಯಿತು. ಪಕ್ಕದಲ್ಲಿದ್ದ ಲಗೇಜ್ ಟ್ರಾಲಿಯನ್ನು ಅವನ ಮೊಣಕಾಲಿಗೆ ದೂಡಿ ಓಡಿದೆ.

ಓಡುವಾಗಲೇ ನಿಮಗೆ ವಿಷಯ ಹೇಳಿಬಿಡುತ್ತೇನೆ. ಅದು ೨೦೦೫. ಸಿಡ್ನಿಯ ಕ್ವೇಕರ್ಸ್ ಹಿಲ್‌ನಲ್ಲಿ ಯತೀಶ್ ಎಂಬ ಪ್ರೋಗ್ರಾಮರ್ ಇದ್ದ. ಇಮೇಲಿಗೆ ಬೀಗ ಹಾಕುವ ಪ್ರೋಗ್ರಾಂ ಬರೆದ. ಕೀಲಿ ಇಲ್ಲದವರು ಸರ್ಕಾರದವರೇ ಆದರೂ ಓದುವಂತಿಲ್ಲ. ಅದನ್ನು ಜಗತ್ತಿಗೆಲ್ಲ ಪುಕ್ಕಟೆ ಕೊಡುತ್ತೇನೆ ಎಂದ. ಸರ್ಕಾರ ಕೂಡದು ಎಂದಿತು. ಅವರ ಲೆಕ್ಕದಲ್ಲಿ ಇಂಥ ಬೀಗ ಹಾಕುವ ಎನ್‌ಕ್ರಿಪ್ಶನ್ ಕೂಡ ಬಂದೂಕಿನ ಜಾತಿ. ಪರವಾನಗಿ ಇಲ್ಲದೆ ದೇಶ ದಾಟುವಂತಿಲ್ಲ.

ಮೆಲ್ಬರ್ನಿನ ವಕೀಲೆ ಪ್ರಾರ್ಥನಾ ಕೇಸು ಹಾಕಿದಳು. ಪ್ರೋಗ್ರಾಂ ಅಂದರೆ ಬರವಣಿಗೆ, ಬರವಣಿಗೆ ಅಂದರೆ ಮಾತು, ಮಾತನ್ನು ಗಡಿಯಲ್ಲಿ ತಡೆಯಬೇಡಿ ಎಂದು ಅವಳ ವಾದ. ಆ ಬೆಳಗ್ಗೆಯೇ ಮೆಲ್ಬರ್ನಿನಲ್ಲಿ ವಿಚಾರಣೆ. ತೀರ್ಪು ಬರುವ ತನಕ ಒಂದು ಪ್ರತಿಯೂ ಹೊರಗೆ ಹೋಗದು ಎಂದು ಯತೀಶ್ ಕೋರ್ಟಿಗೆ ಮಾತು ಕೊಟ್ಟಿದ್ದ. ಮುರಿದರೆ ಕೇಸು ಬಿತ್ತು. ಪಿಆರ್, ಅಂದರೆ ಇಲ್ಲಿ ಕಾಯಂ ನೆಲೆಸುವ ಪರವಾನಗಿ, ಹೋಯಿತು. ಆಮೇಲೆ ಜೈಲು.

ಗಿರೀಶ ಅಂಥದ್ದೇ ಪ್ರೋಗ್ರಾಂ ಮಾರುವವನು. ಯತೀಶನದು ಪುಕ್ಕಟೆ ಸಿಕ್ಕರೆ ಇವನ ಅಂಗಡಿ ಬಂದ್. ಇಬ್ಬರೂ ಹಿಂದೆ ಒಂದೇ ಕಡೆ ಕೆಲಸಕ್ಕಿದ್ದವರು. ಯತೀಶನ ಪ್ರೋಗ್ರಾಮಿನ ಪ್ರತಿ ಇವನ ಹತ್ತಿರವೂ ಇತ್ತು.

ಬೆಳಗ್ಗೆ ಪ್ರಾರ್ಥನಾಳ ಫೋನ್ ಬಂದಿತ್ತು.

“ಶಿವಕ್ಕ, ಯಾರೋ ಕಸ್ಟಮ್ಸ್‌ಗೆ ಸುಳಿವು ಕೊಟ್ಟಿದಾರೆ. ನಮ್ಮ ಪ್ರೋಗ್ರಾಂ ಇವತ್ತು ಮೆಲ್ಬರ್ನ್‌ನಿಂದ ಇಂಡಿಯಾಗೆ ಹೋಗ್ತಿದೆಯಂತೆ. ಎದುರು ಪಾರ್ಟಿ ಲಾಯರ್ ನಗ್ತಾ ಹೇಳಿದ್ರು.”

“ಯತೀಶಗ ಫೋನ್ ಕೊಡು.” ಅವನು ಅವಳ ಪಕ್ಕದಲ್ಲೇ ಇದ್ದ. “ನಿನ್ನ ಮನಿಯಿಂದ ಏನರ ಊರಿಗೆ ಹೊಂಟೇತೇನು?”

“ಇಲ್ಲಕ್ಕಾ... ಅಕ್ಕನ ಮಗೂಗೆ ಒಂದು ಪಾರ್ಸಲ್ ಅಷ್ಟೇ. ಜಯಲಕ್ಷ್ಮಿ ಆಂಟಿ ತಗೊಂಡು ಹೋಗ್ತಿದಾರೆ.”

“ಅದರಾಗ ಬ್ಯಾರೆ ಯಾರರ ಏನರ ಇಟ್ಟಾರೇನು?”

“ಗಿರೀಶ್... ನಮ್ಮನೆ ಪೂಜೆಗೆ ಬಂದಿದ್ದ. ಅವರಮ್ಮಂಗೆ ಅಂತ ವಿಟಮಿನ್ ಬಾಟಲಿ ಇಟ್ಟ. ಬೇಡ ಅನ್ನಕ್ಕಾಗುತ್ತಾ?”

ಆಗುವುದಿಲ್ಲ. ನಮ್ಮವರ ಹಣೆಬರಹವೇ ಇದು. ಯಾರಾದರೂ ಊರಿಗೆ ಹೊರಟರೆ ಇಡೀ ಸಬರ್ಬ್ ಪಾರ್ಸಲ್ ಹಿಡಿದುಕೊಂಡು ಬರುತ್ತದೆ. ಒಳಗೇನಿದೆ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಸಣ್ಣತನ. ಗಿರೀಶ ಅದನ್ನೇ ನಂಬಿಕೊಂಡು ತಾನೇ ಕಸ್ಟಮ್ಸಿಗೆ ಸುಳಿವು ಕೊಟ್ಟಿದ್ದ, ಯಾರೂ ಅಡ್ಡ ಬರದಂತೆ ದರ್ಶನನನ್ನು ಏರ್‌ಪೋರ್ಟಿನಲ್ಲಿ ನಿಲ್ಲಿಸಿದ್ದ.

ಆಂಟಿ ಸಿಡ್ನಿಯಲ್ಲಿ ಎಲ್ಲರ ಪಾರ್ಸಲ್ ತುಂಬಿಕೊಂಡು ಬಂದು, ಮೆಲ್ಬರ್ನಿನ ಮಗಳನ್ನು ನೋಡಿಕೊಂಡು ಅಲ್ಲಿಂದಲೇ ಬೆಂಗಳೂರಿಗೆ ಹೊರಟಿದ್ದರು. ನಾನು ಏದುಸಿರು ಬಿಡುತ್ತ ಒಳಗೆ ಹೋದಾಗ ಚೆಕ್-ಇನ್ ಕೌಂಟರಿನ ಮುಂದೆ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿಕೊಂಡು ಕೂತಿದ್ದರು. ತೂಕ ಹೆಚ್ಚಾಗಿತ್ತು. ತಮ್ಮದೇ ಸೀರೆ, ತಮ್ಮದೇ ಚಪ್ಪಲಿ ಹೊರಗೆ ತೆಗೆಯುತ್ತಿದ್ದರು. ಬೇರೆಯವರ ಒಂದು ಪಾರ್ಸಲನ್ನೂ ಮುಟ್ಟಿರಲಿಲ್ಲ.

ತುಸು ದೂರದಲ್ಲಿ ಕಸ್ಟಮ್ಸ್ ಆಫೀಸರ್ ಒಬ್ಬ ನಿಂತು ಅವರನ್ನೇ ನೋಡುತ್ತಿದ್ದ.

ಬಾಟಲಿ ಕಿತ್ತುಕೊಂಡು ಓಡಿದರೆ ಕೇಸು ಅಲ್ಲೇ ಸತ್ತಂತೆ.

“ಆಂಟಿ, ಯತೀಶನ ಪಾರ್ಸಲ್‌ನಾಗಿನ ಬಾಟಲಿ ತಗೀರಿ. ಅದು ಬ್ಯಾಡಂತ.”

“ಅದು ಗಿರೀಶಂದು ಅಂತ ಯತೀಶ ಹೇಳಿದ್ನಲ್ಲ? ಅವ್ನೇ ಹೇಳ್ಬೇಕಮ್ಮ. ಒಪ್ಕೊಂಡ ಮೇಲೆ ತಲುಪಿಸ್ಬೇಕು.”

ಸಿಟ್ಟು ನೆತ್ತಿಗೇರಿತು. ಮರುಕ್ಷಣವೇ ಬುದ್ಧಿಯೂ ಬಂತು.

“ಹಂಗಾದ್ರ ಅವಗ ಫೋನ್ ಹಚ್ರಿ, ಸ್ಪೀಕರ್‌ನಾಗ ಇಡ್ರಿ. ಅವಂದಾದ್ರ ಒಯ್ರಿ. ಯತೀಶಂದಾದ್ರ ಡಸ್ಟ್‌ಬಿನ್‌ಗೆ ಹಾಕ್ರಿ.”

ನಾನೇ ಆಫೀಸರನ್ನು ಕೈಬೀಸಿ ಕರೆದೆ. ನೀವು ಕಾಯುತ್ತಿರುವುದು ಈ ಬಾಟಲಿಗೆ, ಯಾರದ್ದು ಎಂದು ಸುಮ್ಮನೆ ಕೇಳಿಸಿಕೊಳ್ಳಿ ಎಂದೆ. ಅವನು ಹುಬ್ಬೇರಿಸಿದ. ಆದರೂ ಬಂದ.

ಬಾಗಿಲ ಬಳಿ ದರ್ಶನ್ ಕುಂಟುತ್ತ ಕಾಣಿಸಿಕೊಂಡ. ಆಫೀಸರನ್ನು ನೋಡಿದ. ಗಾಬರಿಯಿಂದ ಫೋನ್ ಒತ್ತಿದ, ಮತ್ತೆ ಒತ್ತಿದ... ಗಿರೀಶನ ಲೈನ್ ಬಿಜಿ. ಆಂಟಿಯೇ ಮಾತಾಡುತ್ತಿದ್ದರಲ್ಲ.

“ಗಿರೀಶ, ತೂಕ ಜಾಸ್ತಿ ಆಗಿದೆಯಪ್ಪ. ಈ ವಿಟಮಿನ್ ಬಾಟಲಿ ಯಾರದ್ದು? ಯತೀಶಂದಾದ್ರೆ ಎಸ್ದುಬಿಡ್ತೀನಿ.”

ಯತೀಶನದು ಎಂದರೆ ಬಾಟಲಿ ಕಸಕ್ಕೆ ಹೋಗುತ್ತದೆ. ಗಿರೀಶನ ಆಟವೂ.

“ಎಸೀಬೇಡಿ ಆಂಟಿ... ನಂದೇ ಅದು. ಅಮ್ಮಂಗೆ.”

ಕೌಂಟರಿನ ಹುಡುಗಿ ಫೋನಿನತ್ತ ಬಗ್ಗಿ, ಪ್ರತಿ ಪ್ರಯಾಣಿಕನಿಗೂ ಕೇಳುವ ಪ್ರಶ್ನೆಯನ್ನೇ ಇಂಗ್ಲಿಷಿನಲ್ಲಿ ಕೇಳಿದಳು. ಇದನ್ನು ನೀವೇ ಪ್ಯಾಕ್ ಮಾಡಿದ್ದಾ, ಸರ್?

ಹೌದು ಎಂದ ಗಿರೀಶ, ಅದೇ ಇಂಗ್ಲಿಷಿನಲ್ಲಿ. ನಾನೇ, ನನ್ನ ಕೈಯಾರೆ. ಬೇರೆ ಯಾರೂ ಮುಟ್ಟಿಲ್ಲ. ದಯವಿಟ್ಟು ಕಳಿಸಿಕೊಡಿ.

ಆಫೀಸರ್ ಮುಚ್ಚಳ ತಿರುಗಿಸಿದ. ಮಾತ್ರೆಗಳ ಅಡಿಯಲ್ಲಿ ಪೆನ್‌ಡ್ರೈವ್ ಇತ್ತು.

ಆಂಟಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಫೋನನ್ನು ಬಾಯಿಯ ಹತ್ತಿರ ತಂದರು.

“ಅಮ್ಮನ ಹೆಸರು ಹೇಳಿ ನನ್ನನ್ನ ಜೈಲಿಗೆ ಕಳಿಸ್ತಿದ್ದೆಯೇನೋ?”

ಲೈನ್ ಕಟ್ಟಾಯಿತು. ದರ್ಶನ್ ಆಗಲೇ ಮಾಯ. ಆಂಟಿಯ ಸೀರೆಯನ್ನು ನಾನೇ ಮಡಿಸಿ ಸೂಟ್‌ಕೇಸಿಗೆ ಹಾಕಿದೆ. ಹೆಚ್ಚಿನ ತೂಕಕ್ಕೆ ಕೌಂಟರಿನ ಹುಡುಗಿ ತಕರಾರು ಮಾಡಲಿಲ್ಲ. ಆಫೀಸರ್ ಆಂಟಿಯ ಹೇಳಿಕೆ ಬರೆದುಕೊಂಡು ವಿಮಾನ ಹತ್ತಿಸಿದ.

ನಾನು ಕೋರ್ಟ್ ತಲುಪಿದಾಗ ಯತೀಶನ ಮುಖದಲ್ಲಿ ರಕ್ತವಿರಲಿಲ್ಲ. ಕೆಲಸ ಆಯಿತು ಎಂದು ತಲೆಯಾಡಿಸಿದೆ. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ. ಪ್ರಾರ್ಥನಾ ಎದ್ದು ನಿಂತು, ನನ್ನ ಕಕ್ಷಿದಾರನಿಗೆ ಮಾತಾಡಲು ಬಿಡಿ ಎಂದು ಜಡ್ಜ್ ಎದುರು ವಾದ ಶುರು ಮಾಡಿದಳು.

ಅದೇ ಹೊತ್ತಿಗೆ ನಾರ್ತ್ ಸಿಡ್ನಿಯಲ್ಲಿ ಪೊಲೀಸರು ಗಿರೀಶನ ಮುಂದೆ ನಿಂತು, ನಿನಗೆ ಬಾಯಿ ಮುಚ್ಚಿಕೊಂಡಿರುವ ಹಕ್ಕಿದೆ ಎಂದು ತಿಳಿಸುತ್ತಿದ್ದರು.

ಪಾಪ, ಸ್ವಲ್ಪ ತಡವಾಗಿತ್ತು.