ಡಬ್ಬಿಯಲ್ಲಿ ಉಳಿದ ಆಯಿಲ್

ದೆವ್ವ-ಗಿವ್ವ ಎನ್ನುವ ಮನುಷ್ಯ ನಾನಲ್ಲ; ಅಣ್ಣಿಗೇರಿಯಲ್ಲಿ ಗ್ಯಾರೇಜು ಇಟ್ಟುಕೊಂಡವನು. ರೇಸ್ ಟ್ರ್ಯಾಕಿನಲ್ಲಿ ಆಯಿಲ್ ವಿಪರೀತ ಕಾಯುತ್ತದೆ, ದೊಡ್ಡ ಕೂಲರ್ ಕೂರಿಸಿಕೊಡಿ ಎಂದು ಹುಬ್ಬಳ್ಳಿಯವರೊಬ್ಬರು ತಮ್ಮ ಸ್ಪೋರ್ಟ್ಸ್ ಕಾರು ಬಿಟ್ಟುಹೋಗಿದ್ದರು. ಎರಡು ದಿನ ಬಿಟ್ಟು ಹಳೆಯ ಆಯಿಲ್ ಇಳಿಸಿದೆ. ಎಂಜಿನ್ ತಣ್ಣಗಿತ್ತು. ಆಯಿಲ್ ಕೈ ಸುಟ್ಟಿತು.

ಹಳೆ ಆಯಿಲನ್ನು ನಮ್ಮಲ್ಲಿ ಯಾರೂ ಚೆಲ್ಲುವುದಿಲ್ಲ, ಚಕ್ಕಡಿಯ ಅಚ್ಚಿಗೆ ಹಚ್ಚಲು ಒಯ್ಯುತ್ತಾರೆ. ಬಾಜು ಓಣಿಯ ಅಮೋಘಸಿದ್ದಪ್ಪ ಕಾಕಾ ಒಂದು ಬಾಟಲಿ ತುಂಬಿಕೊಂಡು ಹೋದ. ಮರುದಿನ ಬೆಳಿಗ್ಗೆ ಓಡಿಬಂದ.

"ಎತ್ತುಗೋಳು ನೊಗಕ್ಕ ಹೆಗಲ ಕೊಡವಲ್ವೋ ಸಿದ್ಧಾರೂಢ. ಬಂದು ನೋಡು."

ಚಕ್ಕಡಿ ಅಂಗಳದಲ್ಲಿ ನಿಂತಿತ್ತು. ಅಚ್ಚು ಮುಟ್ಟಿದೆ. ದೂರದಿಂದ ಓಡಿಬಂದಂತೆ ಕಾದಿತ್ತು.

"ನಿನ್ನೆ ಆಯಿಲ್ ಹಚ್ಚಿದ ಮ್ಯಾಲೆ ಗಾಲಿ ಉರುಳೇ ಇಲ್ಲೋ," ಎಂದ ಕಾಕಾ. "ಖರೇ ಹೇಳು, ಆ ಕಾರು ಯಾರದು?"

ಮಾಲಕರಿಗೆ ಫೋನ್ ಹಚ್ಚಿದೆ. ನಾನು ಬಾಯಿ ತೆರೆಯುವ ಮೊದಲೇ ಅವರು, "ಇನ್ನೂ ಬಿಸಿ ಐತೇನ್ರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಫೋನ್ ಇಟ್ಟುಬಿಟ್ಟರು.

ಕೂಲರ್ ಕೂರಿಸಿದೆ, ಅವರು ಬಂದು ಕಾರು ಒಯ್ದರು. ಅದಾಗಿ ಮೂರು ವರ್ಷವಾಯಿತು. ಉಳಿದ ಆಯಿಲಿನ ಡಬ್ಬಿ ಗ್ಯಾರೇಜಿನ ಮೂಲೆಯಲ್ಲೇ ಇದೆ. ಥಂಡಿ ದಿನಗಳಲ್ಲಿ ಓಣಿಯ ಬೆಕ್ಕು ಅದಕ್ಕೆ ಒರಗಿ ಮಲಗುತ್ತದೆ.