ಹಾಲಿಗೆ ಹಾಲ್ ಎಂಬ ಹೆಸರು

ಈ ಕತೆಯನ್ನು ಮೊದಲು ಹೇಳಿದವನು, ಇದು ನಡೆದ ದಿನ ಆ ಮನೆಯ ಅಟ್ಟದ ಮೇಲೆ ಹಲಗೆ ಕೂರಿಸುತ್ತಿದ್ದ ಬಡಗಿ. ಹೇಳಿದ್ದು ಮರುವರ್ಷದ ಬೇಸಿಗೆ ರಜೆಯಲ್ಲಿ, ಅದೇ ಮನೆಯೊಳಗೆ ಕುಳಿತು.

“ಅಜ್ಜೀ, ಇನ್ನೊಂದ್ಸಲ. ಇದೇನು?”

“ಎಮ್ಮೆ ಕಡೆ.”

“ಅಯ್ಯೋ, ಕಿಚನ್! ಅಪ್ಪ ಎಲ್ಲಿ ಮಲಗ್ತಾರೆ?”

“ಹೋರಿ ಕಟ್ಟೋ ಜಾಗದಲ್ಲಿ.”

ಮೊಮ್ಮಗಳು ಚಿನಕುರುಳಿ ತಲೆ ಚಚ್ಚಿಕೊಂಡಳು. “ಬೆಡ್‌ರೂಮ್ ಅಜ್ಜೀ! ಇದು ಹಾಲ್. ಇದೊಂದಾದ್ರೂ ನೆನಪಿಟ್ಕೋ.”

“ಹಾಲು ಮರೆಯೋಕಾಗುತ್ತೇನೇ?” ಎಂದರು ಅಜ್ಜಿ.

ಅಜ್ಜಿಯ ಮಾವನ ಕಾಲಕ್ಕೇ ಹಳೆಯದಾಗಿದ್ದ ಕಲ್ಲಿನ ಕೊಟ್ಟಿಗೆ ಅದು. ದನಗಳು ಇಲ್ಲವಾದ ಮೇಲೆ ಅಪ್ಪ ಕಿಟಕಿ ಇಡಿಸಿ, ಟೈಲ್ಸ್ ಹಾಕಿಸಿ, ಅದನ್ನು ಮನೆ ಮಾಡಿದ್ದರು. ಮೇವು ಹಾಕುತ್ತಿದ್ದ ಗೋದಲಿಯಲ್ಲಿ ಈಗ ಪುಸ್ತಕಗಳಿದ್ದವು. ಹಗ್ಗ ಕಟ್ಟುತ್ತಿದ್ದ ಕಬ್ಬಿಣದ ಬಳೆಯಲ್ಲಿ ಸ್ಕೂಲ್ ಬ್ಯಾಗ್ ನೇತಾಡುತ್ತಿತ್ತು. ಎಲ್ಲವೂ ಬದಲಾಗಿತ್ತು, ಅಜ್ಜಿಯ ಬಾಯೊಂದನ್ನು ಬಿಟ್ಟು.

ಚಿನಕುರುಳಿಯ ಕಷ್ಟವೇನೆಂದರೆ, ಶಾಲೆಯಲ್ಲಿ ಅವಳು “ನಮ್ಮದು ಹಳೇ ಕಾಲದ ಬಂಗಲೆ” ಎಂದುಬಿಟ್ಟಿದ್ದಳು. ಈಗ ಆ ಬಂಗಲೆ ನೋಡಲು ಇಬ್ಬರು ಗೆಳತಿಯರು ಬರುವವರಿದ್ದರು. ಅವರಲ್ಲಿ ಡಾಕ್ಟರ ಮಗಳಿಗೆ ನಿಜ ಗೊತ್ತಾದರೆ ಇಡೀ ಕ್ಲಾಸಿಗೇ ಗೊತ್ತಾದಂತೆ. ಆಮೇಲೆ ‘ಅಂಬಾ’ ಎಂಬ ಅಡ್ಡಹೆಸರು ಗ್ಯಾರಂಟಿ.

ಗೆಳತಿಯರು ಬಂದರು.

“ಬನ್ರಮ್ಮ, ಹಾಲಲ್ಲಿ ಕೂತ್ಕೊಳ್ಳಿ!” ಎಂದರು ಅಜ್ಜಿ.

ಚಿನಕುರುಳಿಗೆ ಹೋದ ಜೀವ ಬಂದಂತಾಯಿತು.

“ಎಷ್ಟು ದೊಡ್ಡ ಹಾಲ್ ಅಜ್ಜಿ!” ಎಂದಳು ಡಾಕ್ಟರ ಮಗಳು.

ಅಜ್ಜಿಯ ಮುಖ ಅರಳಿತು. “ಮತ್ತೆ? ಸಾಲಾಗಿ ಹಸು ಕಟ್ಟಿ ಹಾಲು ಕರೀತಿದ್ದದ್ದು ಇಲ್ಲೇ. ಅದಕ್ಕೇ ಅಲ್ವೇನಮ್ಮ ಇದಕ್ಕೆ ಹಾಲ್ ಅಂತ ಹೆಸರು?”

ಅಟ್ಟದ ಮೇಲೆ ಸುತ್ತಿಗೆಯ ಸದ್ದು ಗಕ್ಕನೆ ನಿಂತಿತು. ಚಿನಕುರುಳಿ ಟೈಲ್ಸ್ ನೋಡುತ್ತ ನಿಂತಳು.

“ಹಂಗಾದ್ರೆ ನಮ್ಮನೆ ಹಾಲಲ್ಲೂ ಹಸು ಇತ್ತಾ?” ಎಂದಳು ಡಾಕ್ಟರ ಮಗಳು.

“ಇಲ್ದೇ ಏನು! ನಿಮ್ಮಮ್ಮನ್ನ ಕೇಳು.”

ಬಡಗಿ ನಕ್ಕ ರಭಸಕ್ಕೆ ಮೇಲಿನಿಂದ ಮರದ ಪುಡಿ ಉದುರಿತು. ಗೆಳತಿಯರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಅಜ್ಜೀ, ನಾನು ಕೂತಿರೋದು ಯಾವ ಹಸು ಜಾಗ?”

“ಕೆಂದೀದು. ಒದೀತಿದ್ಲು, ಹುಷಾರು.”

ಡಾಕ್ಟರ ಮಗಳು ಹೌಹಾರಿ ಎದ್ದಳು. ಇನ್ನೊಬ್ಬಳು “ಆ ಜಾಗ ನಂಗೆ!” ಎಂದು ಅಲ್ಲೇ ಹೋಗಿ ಕುಳಿತಳು. ಇಬ್ಬರಿಗೂ ಕೆಂದಿಯ ಜಾಗಕ್ಕಾಗಿ ಜಗಳವೇ ಹತ್ತಿತು.

ಚಿನಕುರುಳಿ ಮೆಲ್ಲಗೆ ಕೇಳಿದಳು: “ಅಜ್ಜೀ, ನಾನು ಮಲಗೋ ಮೂಲೆ?”

ಅವಳು ಅದನ್ನು ಹಿಂದೆಂದೂ ಕೇಳಿರಲಿಲ್ಲ. ಮನೆಯಲ್ಲೆಲ್ಲ ಚಿಕ್ಕ ಮೂಲೆ ತನ್ನ ಪಾಲಿಗೆ ಬಂದಿತೆಂದು ಮುನಿಸಿಕೊಂಡದ್ದಷ್ಟೇ.

“ಆಗತಾನೇ ಹುಟ್ಟಿದ ಕರುನ ಅಲ್ಲಿ ಮಲಗಿಸ್ತಿದ್ವಿ ಮಗಾ. ಎಂಥಾ ಚಳೀಲೂ ಬೆಚ್ಚಗಿರುತ್ತೆ. ಅದಕ್ಕೇ ನಿಂಗೆ ಕೊಟ್ಟಿದ್ದು.”

ಚಿನಕುರುಳಿ ತನ್ನ ಮೂಲೆಯತ್ತ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಗೆಳತಿಯರ ಕೈ ಹಿಡಿದೆಳೆದಳು.

“ಬಂಗಲೆ ಅಲ್ಲ ಕಣ್ರೇ ಇದು, ಕೊಟ್ಟಿಗೆ. ಬನ್ನಿ, ಕರು ಮೂಲೆ ತೋರಿಸ್ತೀನಿ.”

ಬಡಗಿ ಇಷ್ಟು ಹೇಳಿ ಮುಗಿಸಿದಾಗ ಹೊರಗೆ ಕತ್ತಲಾಗುತ್ತಿತ್ತು. ಕೇಳುತ್ತಿದ್ದ ನೆರೆಹೊರೆಯವರು ಮೈಮುರಿದು ಎದ್ದು, ತಮ್ಮ ತಮ್ಮ ಮನೆಗಳಿಗೆ ಹೊರಟರು. ಬಾಗಿಲಲ್ಲಿ ಯಾರೂ ಯಾರಿಗೂ ದಾರಿ ಬಿಡಬೇಕಾಗಲಿಲ್ಲ. ಅದು ಎರಡು ಎಮ್ಮೆಗಳು ಒಟ್ಟಿಗೇ ನುಗ್ಗುವಷ್ಟು ಅಗಲವಾಗಿತ್ತು.