ತೇಲುವ ಲಂಗರು

“ಇಲ್ರಿ ಸರ. ನಾ ಸುಳ್ಳು ಹೇಳಿಲ್ಲ. ತಪ್ಪಾತು ಅನ್ನಂಗಿಲ್ಲ.”

ಗಾಳೆಮ್ಮ ಹಾಗೆಂದಾಗ ಕ್ಲಾಸಿಗೆ ಕ್ಲಾಸೇ ಉಸಿರು ಬಿಗಿಹಿಡಿಯಿತು. ಆ ಹೊಳೆದಂಡೆಯ ಊರಿನಲ್ಲಿ ವೆಂಕೋಬ ಮಾಸ್ತರರಿಗೆ ಎದುರು ಮಾತಾಡಿದವರು ದೊಡ್ಡವರಲ್ಲೂ ಇರಲಿಲ್ಲ. ಇವಳಿಗೋ ಹತ್ತೇ ವರ್ಷ, ಅಂಬಿಗರ ಅಂಬಪ್ಪನ ಮಗಳು.

ಆದದ್ದು ಇಷ್ಟು. ಅವತ್ತು ಸಮುದ್ರದ ಪಾಠ. ಮಾಸ್ತರರು ಬೋರ್ಡಿನ ಮೇಲೆ ಕಬ್ಬಿಣದ ಕೊಕ್ಕೆಯ ಚಿತ್ರ ಬರೆದು, “ಇದು ಲಂಗರು. ಇದು ತಳಾ ಮುಟ್ಟಿ ನೆಲಾ ಕಚ್ಚಿದ್ರನ ಹಡಗು ನಿಲ್ಲತದ. ತಳಾ ಮುಟ್ಟದ್ದು ಲಂಗರ ಅಲ್ಲ,” ಎಂದಿದ್ದರು.

ಗಾಳೆಮ್ಮ ಎದ್ದು ನಿಂತು, “ನಮ್ಮಪ್ಪನ ಲಂಗರ ತಳ ಮುಟ್ಟಂಗಿಲ್ರಿ. ನೀರಾಗ ತೇಲತೈತಿ. ಆದ್ರೂ ಹರಗೋಲು ಹಿಡೀತೈತಿ,” ಎಂದುಬಿಟ್ಟಳು.

ಎಲ್ಲರೂ ಗೊಳ್ಳೆಂದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಸೂಗಪ್ಪ. ಅವನ ಅಪ್ಪನಿಗೆ ಊರಿನಲ್ಲೇ ದೊಡ್ಡ ಹೊಲ, ದೊಡ್ಡ ಬಾವಿ.

“ಅದು ನಮ್ಮ ಕಪಲಿ ಚೀಲರಿ ಸರ,” ಎಂದ ಸೂಗಪ್ಪ. “ಕಾಲುವಿ ನೀರು ಬಂದಮ್ಯಾಲ ನಾವು ಬಿಚ್ಚಿ ಒಗದಿದ್ವಿ. ಅವರಪ್ಪ ಎತ್ತಿಕೊಂಡು ಹೋಗ್ಯಾನ. ಹಿಂದ ಇಷ್ಟು ದೊಡ್ಡ ತೂತು ಐತ್ರಿ.”

ಕಪಲಿ ಚೀಲವೆಂದರೆ ಎತ್ತು ಹೂಡಿ ಬಾವಿಯಿಂದ ನೀರೆತ್ತುವ ತೊಗಲಿನ ಚೀಲ. ಬಾಯಿಗೆ ಕಬ್ಬಿಣದ ಬಳೆ, ಹಿಂದೆ ಸೊಂಡಿಲಿನಂಥ ಬಾಲ. ಬಾಲದ ತುದಿ ತೆರೆದೇ ಇರುತ್ತದೆ. ಬಾವಿಯಲ್ಲಿ ಬೇರೊಂದು ಹಗ್ಗ ಆ ತುದಿಯನ್ನು ಮೇಲೆತ್ತಿ ಹಿಡಿದಿರುತ್ತದೆ, ಚೀಲ ಮೇಲೆ ಬಂದಾಗ ನೀರು ಅಲ್ಲಿಂದ ಸುರಿಯುತ್ತದೆ. ಆದರೆ ತೂತಿರುವ ಚೀಲವೊಂದು ಹರಿಗೋಲನ್ನು ಹಿಡಿದು ನಿಲ್ಲಿಸುತ್ತದೆಂದರೆ ಯಾರು ನಂಬಬೇಕು? ಮಾಸ್ತರರು ಲಿಂಗಸೂಗೂರಿನ ಆಚೆಯ ಒಣಭೂಮಿಯವರು. ಸೇದುವ ಬಾವಿಯ ನೀರು ಬಿಟ್ಟರೆ ಬೇರೆ ನೀರನ್ನು ಕಂಡವರೇ ಅಲ್ಲ. ಹುಡುಗಿ ತಮ್ಮನ್ನು ಹಾಸ್ಯ ಮಾಡುತ್ತಿದ್ದಾಳೆಂದು ಅವರಿಗೆ ಸಿಟ್ಟು ನೆತ್ತಿಗೇರಿತು.

“ಹೊರಗ ನಿಂದ್ರು. ‘ಸುಳ್ಳು ಹೇಳಿದೆ, ತಪ್ಪಾತು’ ಅಂದ ದಿನ ಒಳಗ ಬಾ.”

ಗಾಳೆಮ್ಮ ಹೊರಗೆ ನಿಂತಳು. ಒಂದು ದಿನವಲ್ಲ, ನಾಲ್ಕು ದಿನ. ಆಷಾಢದ ಗಾಳಿ ಮಣ್ಣು ತಂದು ಕಣ್ಣಿಗೆ ಎರಚುತ್ತಿತ್ತು. ಅವಳೇನು ಸುಮ್ಮನೆ ನಿಲ್ಲುವ ಪೈಕಿಯೇ? ಕಿಟಕಿಗೆ ಮೂಗು ಹಚ್ಚಿ ಅಲ್ಲಿಂದಲೇ ಲೆಕ್ಕ ಮಾಡಿದಳು. ಹದಿನೇಳರ ಮಗ್ಗಿಗೆ ಒಳಗಿನವರು ತಡವರಿಸಿದರೆ ಹೊರಗಿನಿಂದ ಉತ್ತರ ಬರುತ್ತಿತ್ತು, ಅದೂ ಜೋರಾಗಿ. ಮಾಸ್ತರರಿಗೆ ಅದೊಂದು ಬೇರೆ ಉರಿ.

ಮನೆಯಲ್ಲಿ ಅವ್ವ ಪಾರ್ವತೆಮ್ಮ ರೊಟ್ಟಿ ಬಡಿಯುತ್ತ ಬೈದಳು. “ಒಂದು ಮಾತು ತಪ್ಪಾತು ಅಂದ್ರ ನಿನ್ನ ಬಾಯಾಗಿನ ಮುತ್ತು ಉದುರತಾವೇನ? ತಾ ಹಿಡಿದ ಮೊಲಕ್ಕ ಮೂರ ಕಾಲು ಅನ್ನಾಕಿ ನೀ.”

“ನಾ ನಾಕು ಕಾಲು ಅನ್ನಾಕತ್ತೀನಿ ಯವ್ವಾ. ಮೂರು ಅನ್ನಾಕತ್ತಿದ್ದು ಅವರು.”

“ಸಾಲಿ ಬಿಡಿಸಿದ್ರ ಏನ್ ಮಾಡ್ತಿ? ನಮ್ಮ ಓಣ್ಯಾಗ ಸಾಲಿಗೆ ಹೋಗೂ ಹೆಣ್ಣುಹುಡುಗಿ ನೀ ಒಬ್ಬಾಕಿ.”

“ಬಿಡಿಸಲಿ.”

ಹಾಗೆಂದಳೇನೋ ನಿಜ. ಆದರೆ ಪಾಟಿ ಒರೆಸಿ ನಾಳೆಗೆಂದು ತೆಗೆದಿಟ್ಟಳು. ಸಾಲಿ ಎಂದರೆ ಅವಳಿಗೆ ಪ್ರಾಣ.

ಮೂಲೆಯಲ್ಲಿ ಬಲೆ ಹೆಣೆಯುತ್ತಿದ್ದ ಅಂಬಪ್ಪ ತಲೆ ಎತ್ತದೆ ಹೇಳಿದ, “ಆಕಿ ಅಂದಿದ್ದು ಖರೆ ಐತಿ. ಖರೆ ಮಾತಿಗೆ ಹ್ಯಾಂಗ ತಪ್ಪಾತು ಅಂತಾಳ?”

ಅದು ಖರೆಯೇ. ಊರ ಹತ್ತಿರ ಹೊಳೆಯಲ್ಲಿ ಒಂದು ದೊಡ್ಡ ಮಡು ಇತ್ತು. ಮೀನೆಲ್ಲ ಅಲ್ಲೇ. ಆದರೆ ಪಡುವಣ ಗಾಳಿ ಬೀಸಿತೆಂದರೆ ಹಗುರವಾದ ಹರಿಗೋಲು ಬಲೆ ಬಿಡುವಷ್ಟರಲ್ಲಿ ಎಲ್ಲಿಗೋ ಹೋಗಿರುತ್ತಿತ್ತು. ಅಂಬಪ್ಪ ಮೊದಲು ಕಲ್ಲು ಕಟ್ಟಿ ಬಿಟ್ಟ. ಅದು ತಳದ ಬಂಡೆಯ ಸೀಳಿನಲ್ಲಿ ಸಿಕ್ಕು, ಹಗ್ಗ ಕೊಯ್ದು ಬರಬೇಕಾಯಿತು. ಗೋಣಿಚೀಲ ಬಿಟ್ಟ. ಅದು ಬಾಯಿ ಮುಚ್ಚಿಕೊಂಡು ಸತ್ತ ಕೋಳಿಯ ಹಾಗೆ ಹಿಂದೆ ಬಂತು. ತಗಡಿನ ಬಕೀಟು ಬಿಟ್ಟ, ಹಿಡಿ ಕಿತ್ತು ಬಕೀಟು ಗಂಗೆಯ ಪಾಲಾಯಿತು. ಆ ಬಕೀಟಿನ ಸುದ್ದಿ ಬಂದರೆ ಪಾರ್ವತೆಮ್ಮ ಈಗಲೂ ಮೂರು ದಿನ ಮಾತು ಬಿಡುತ್ತಾಳೆ.

ಕೊನೆಗೆ ಸಿಕ್ಕಿದ್ದೇ ಈ ಕಪಲಿ ಚೀಲ. ಬಳೆ ಇದ್ದುದರಿಂದ ಬಾಯಿ ಮುಚ್ಚುತ್ತಿರಲಿಲ್ಲ. ಮುಳುಗದಿರಲೆಂದು ಒಂದು ಸೋರೆಬುರುಡೆ ಕಟ್ಟಿ, ಗಾಳಿ ಬರುವ ಕಡೆಗೆ ಎಸೆದರೆ ಚೀಲ ನೀರು ತುಂಬಿಕೊಂಡು ಹರಿಗೋಲನ್ನು ಹಿಂದಕ್ಕೆ ಜಗ್ಗುತ್ತಿತ್ತು. “ನೀರು ಮುಂದಿಂದ ಹೊಕ್ಕು ಹಿಂದಿಂದ ಹೋಗಬೇಕು. ಬಾಲಕ್ಕ ಮಾತ್ರ ಕೈ ಹಚ್ಚಬ್ಯಾಡ,” ಎಂದು ಅಪ್ಪ ಅವಳಿಗೆ ಹತ್ತು ಸಲ ಹೇಳಿದ್ದ.

ಐದನೆಯ ದಿನ ಮಾಸ್ತರರು ಕಿಟಕಿಗೆ ಬಂದರು.

“ಇನ್ನೂ ಬುದ್ಧಿ ಬಂದಿಲ್ಲೇನು?”

“ನೀವ ಬಂದು ನೋಡ್ರಿ ಸರ. ಐತವಾರ ಹೊಳಿಗೆ ಬರ್ರಿ. ಸುಳ್ಳಾದ್ರ ಇಡೀ ಊರ ಮುಂದ ತಪ್ಪಾತು ಅಂತೀನಿ. ಸಾಲಿನೂ ಬಿಡ್ತೀನಿ.”

ಇಡೀ ಕ್ಲಾಸು ಮಾಸ್ತರರ ಮುಖವನ್ನೇ ನೋಡುತ್ತಿತ್ತು. ಬರುವುದಿಲ್ಲ ಎಂದರೆ ಮಾನ ಹೋಗುತ್ತಿತ್ತು. “ಬರ್ತೀನಿ,” ಎಂದರು ಅವರು.

ಅದನ್ನು ಕೇಳಿ ಸೂಗಪ್ಪ ಕುಣಿದಾಡಿದ. “ನಾವೂ ಬರ್ತೀವಿ, ತೂತು ಚೀಲ ನೋಡಾಕ,” ಎಂದು ದಾರಿಯುದ್ದಕ್ಕೂ ಕೂಗಿದ. “ತೂತು ಚೀಲ, ತೂತು ಚೀಲ” ಎಂಬ ಮಾತು ಗಾಳೆಮ್ಮನ ಕಿವಿಯಲ್ಲಿ ಮನೆಯತನಕ ಬಂತು. ಶನಿವಾರ ಸಂಜೆ ಅಪ್ಪ ಇಲ್ಲದಾಗ ಅವಳು ಚೀಲದ ಬಾಲವನ್ನು ಮಡಚಿ, ನಾರಿನ ಹುರಿಯಿಂದ ಬಿಗಿಯಾಗಿ ಕಟ್ಟಿಬಿಟ್ಟಳು. ಈಗ ಎಲ್ಲಿದೆ ತೂತು? ಯಾರು ನಗುತ್ತಾರೋ ನಗಲಿ, ನೋಡೋಣ.

ಐತವಾರ ದಂಡೆಯ ಮೇಲೆ ಅರ್ಧ ಸಾಲಿಯೇ ಕೂತಿತ್ತು. ಮಾಸ್ತರರು ಧೋತರ ಎತ್ತಿಕಟ್ಟಿ ಹರಿಗೋಲು ಹತ್ತಿದರು. ಹತ್ತಿದವರೇ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡರು.

ಅಂಬಪ್ಪ ಮಡುವಿನ ನಡುವೆ ಹೋಗಿ ಹುಟ್ಟು ಎತ್ತಿಟ್ಟ. “ಮೊದಲು ಲಂಗರಿಲ್ಲದ ನೋಡ್ರಿ. ಆ ಕಲ್ಲುಗುಂಡಿನಿಂದ ಆ ಹುಣಸಿಗಿಡದತನಕ ಎಣಿಸ್ರಿ,” ಎಂದ. ಗಾಳಿ ಹರಿಗೋಲನ್ನು ನೂಕಿತು. ಮಾಸ್ತರರು ನಲವತ್ತು ಎಣಿಸುವಷ್ಟರಲ್ಲಿ ಹುಣಸೆಗಿಡ ಬಂತು.

ಅಂಬಪ್ಪ ಹುಟ್ಟು ಹಾಕಿ ಹರಿಗೋಲನ್ನು ಮತ್ತೆ ಕಲ್ಲುಗುಂಡಿನ ಎದುರಿಗೆ ತಂದ. ಗಾಳೆಮ್ಮ ಎದೆಯುಬ್ಬಿಸಿ ಚೀಲ ಎಸೆದಳು.

ಹಗ್ಗ ಒಮ್ಮೆ ಬಿಗಿಯಿತು. ಮರುಕ್ಷಣ ಚೀಲ ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು. ಹರಿಗೋಲು ಹಗ್ಗದ ತುದಿಯಲ್ಲಿ ಜಗ್ಗಾಡಿ ಗಿರಗಿರ ತಿರುಗತೊಡಗಿತು. ನೀರು ಅಂಚು ದಾಟಿ ಒಳಗೆ ಬಂತು. ಮಾಸ್ತರರ ಟೊಪ್ಪಿಗೆ ಹೊಳೆಗೆ ಬಿತ್ತು. ದಂಡೆಯ ಮೇಲೆ ನಗುವೋ ನಗು.

“ನಾ ಹೇಳಲಿಲ್ಲೇನು,” ಎಂದರು ಮಾಸ್ತರರು. ಅವರ ತುಟಿ ಬಿಳಿಚಿಕೊಂಡಿತ್ತು. “ದಂಡಿಗೆ ನಡಿ ಅಂಬಪ್ಪ.”

ಅಂಬಪ್ಪ ಹಗ್ಗ ಎಳೆದು ಚೀಲವನ್ನು ಹತ್ತಿರ ತಂದ. ಬಾಲದ ಗಂಟು ಕಂಡಿತು. ಅವನು ಮಗಳನ್ನು ನೋಡಿದ. ಗಾಳೆಮ್ಮ ಕಣ್ಣು ಕೆಳಗೆ ಹಾಕಿದಳು.

“ನಂದ ತಪ್ಪುರಿ ಸರ,” ಎಂದ ಅಂಬಪ್ಪ ಮೆಲ್ಲಗೆ. “ಬಾಲ ಕಟ್ಟೇತಿ, ನಾ ನೋಡಬೇಕಿತ್ತು. ಇನ್ನೊಂದ ಸಲ ಬಿಡ್ತೀವಿ.” ಆಮೇಲೆ ಚೀಲವನ್ನು ಅವಳ ಕಡೆಗೆ ತಳ್ಳಿ, “ಬಿಚ್ಚು,” ಎಂದ.

ಒದ್ದೆ ಹುರಿ ಬಿಚ್ಚಲೊಲ್ಲದು. ಗಾಳೆಮ್ಮ ಹಲ್ಲಿನಿಂದ ಕಚ್ಚಿ ಎಳೆದಳು. ‘ಕಟ್ಟಿದಾಕಿ ನಾನು’ ಎನ್ನುವ ಮಾತು ಗಂಟಲತನಕ ಬಂತು. ಬಂದರೂ ಅವಳು ಅದನ್ನು ನುಂಗಿದಳು. ಮಾಸ್ತರರ ಮುಂದೆ ಸೋಲುವುದೇ? ಆಗದ ಮಾತು. ಬಾಲ ಬಿಚ್ಚಿಕೊಂಡಿತು. ಮತ್ತೆ ಎಸೆದಳು.

ಈ ಸಲ ಹಗ್ಗ ಬಿಗಿಯಿತು, ಬಿಗಿದೇ ಇತ್ತು. ತಿರುಗಾಟ ನಿಂತಿತು. ಸೋರೆಬುರುಡೆ ನೀರಿನ ಮೇಲೆ ತಣ್ಣಗೆ ತೇಲುತ್ತಿತ್ತು. ಗಾಳಿ ಅಷ್ಟೇ ಜೋರಾಗಿ ಬೀಸುತ್ತಿದ್ದರೂ ಹರಿಗೋಲು ಗಬ್ಬದ ಎಮ್ಮೆಯ ಹಾಗೆ ನಿಧಾನ ಜರುಗಿತು, ಅಷ್ಟೇ. ಮಾಸ್ತರರು ನಲವತ್ತು ಎಣಿಸಿದರು. ನೂರು ಎಣಿಸಿದರು. ಹುಣಸೆಗಿಡ ಇನ್ನೂ ದೂರವಿತ್ತು. ಅವರು ಅಂಚಿನಿಂದ ಒಂದು ಕೈ ತೆಗೆದು ಹಗ್ಗವನ್ನು ಮುಟ್ಟಿ ನೋಡಿದರು. ಅಂಬಪ್ಪ ಆರಾಮಾಗಿ ಬಲೆ ಬಿಡತೊಡಗಿದ.

ಸೋಮವಾರ ಗಾಳೆಮ್ಮ ಯಾರನ್ನೂ ಕೇಳದೆ ಒಳಗೆ ಹೋಗಿ ತನ್ನ ಜಾಗದಲ್ಲಿ ಕುಳಿತಳು. ಮಾಸ್ತರರು ಬೋರ್ಡಿನ ಮೇಲೆ ಮೊದಲು ಕೊಕ್ಕೆ ಬರೆದರು. ಅದರ ಪಕ್ಕದಲ್ಲಿ ಒಂದು ಚೀಲ ಬರೆದರು.

“ಲಂಗರಿನಾಗ ಎರಡು ನಮೂನಿ ಅದಾವ,” ಎಂದರು. “ಒಂದು ನೆಲ ಹಿಡೀತದ, ಇನ್ನೊಂದು ನೀರ ಹಿಡೀತದ. ಎರಡನೇದು ನನಗ ಗೊತ್ತಿರಲಿಲ್ಲ. ಅವತ್ತು ನಾ ಹೇಳಿದ್ದು ತಪ್ಪು. ಗಾಳೆಮ್ಮನ್ನ ಹೊರಗ ನಿಂದ್ರಿಸಿದ್ದೂ ತಪ್ಪು.”

ಯಾರೂ ನಗಲಿಲ್ಲ. ಗೆದ್ದೆ ಎಂದು ಕುಣಿಯಬೇಕಿದ್ದ ಗಾಳೆಮ್ಮ ಮಾಸ್ತರರನ್ನೇ ನೋಡುತ್ತ ಕುಳಿತಳು. ಅವರು ಅಷ್ಟು ದೊಡ್ಡ ಮಾತು ಆಡಿ, ಕೈಗೆ ಹತ್ತಿದ ಸೀಮೆಸುಣ್ಣದ ಪುಡಿ ಝಾಡಿಸಿಕೊಂಡು, ಮೊದಲಿನಂತೆಯೇ ನಿಂತಿದ್ದರು. ಅವರದೇನೂ ಕಡಿಮೆಯಾದಂತೆ ಕಾಣಲಿಲ್ಲ.

ಸೂಗಪ್ಪ ಸುಮ್ಮನಿರಬೇಕಲ್ಲ. “ಆದ್ರ ಸರ, ಮೊದಲನೇ ಸಲ ಅಂಬಪ್ಪಗ ಕಟ್ಟಾಕ ಬರಲಿಲ್ರಿ. ಊರೆಲ್ಲ ಅದನ್ನ ಆಡಿಕೊಳ್ಳಾಕತ್ತೈತಿ,” ಎಂದ.

ಗಾಳೆಮ್ಮ ಎದ್ದು ನಿಂತಳು.

“ನಮ್ಮಪ್ಪ ಅಲ್ರಿ ಸರ. ಬಾಲ ನಾ ಕಟ್ಟಿದ್ದೆ. ಇವರು ನಗ್ತಾರಂತ ಕಟ್ಟಿದ್ದೆ. ಅಪ್ಪ ಬ್ಯಾಡ ಅಂದಿದ್ದ. ನಂದು ತಪ್ಪಾತು.”

ಐದು ದಿನ ಗಾಳಿಯಲ್ಲಿ ನಿಂತರೂ ಬಾರದ ಮಾತು, ಈಗ ಯಾರೂ ಕೇಳದೆಯೇ ಬಂತು. ಆಡಿದ ಮೇಲೆ ನೋಡಿದರೆ ಅವಳದೂ ಏನೂ ಕಡಿಮೆಯಾಗಿರಲಿಲ್ಲ.

ಮಾಸ್ತರರು “ಕುಂದ್ರವ್ವ,” ಎಂದರು.

ಗಾಳೆಮ್ಮ ಕುಳಿತಳು. ಸಂಜೆ ಇದೇ ಮಾತನ್ನು ಅಪ್ಪನಿಗೂ ಹೇಳಬೇಕಿತ್ತು.